ಗಣಕಯಂತ್ರದ ತಾತ್ಕಾಲಿಕ ಸ್ತಂಭನವೂ ಅದರ ಕಾರಣಶೋಧನೆಯೂ

ಕೆಲಸದ ನಡುವೆ ಗಣಕಯಂತ್ರವು ಥಟ್ಟನೆ ನಿಂತುಬಿಡುವುದನ್ನು ಈ ಸಂಚಿಕೆಯ ವಾಚಕರಲ್ಲಿ ಕಾಣದವರು ವಿರಳ. ಬಾಣದ ಗುರುತು ಅಲುಗದು. ಒತ್ತಿದ ಅಕ್ಷರವು ಪರದೆಯ ಮೇಲೆ ಮೂಡದು. ಮೂಲೆಯಲ್ಲಿರುವ ಗಡಿಯಾರವು ಸಹ ನಿಂತಲ್ಲೇ ನಿಂತಿರುವುದು. ಅರ್ಧ ನಿಮಿಷವೋ ಎರಡು ನಿಮಿಷವೋ ಕಳೆದ ಮೇಲೆ, ಯಾರೂ ಏನೂ ಮಾಡದೆಯೇ, ಯಂತ್ರವು ತಾನಾಗಿ ಎಚ್ಚತ್ತು, ಆ ತನಕ ನಾವು ಒತ್ತಿದ ಅಕ್ಷರಗಳನ್ನೆಲ್ಲಾ ಒಟ್ಟಿಗೆ ಪರದೆಯ ಮೇಲೆ ಸುರಿದು, ಏನೂ ನಡೆಯಲಿಲ್ಲವೆಂಬಂತೆ ಮುಂದುವರಿಯುವುದು. ಇದನ್ನೇ ನಾನು ತಾತ್ಕಾಲಿಕ ಸ್ತಂಭನವೆಂದು ಕರೆದಿದ್ದೇನೆ. ಪೂರ್ತಿಯಾಗಿ ಕೆಟ್ಟುನಿಂತ ಯಂತ್ರವನ್ನು ರಿಪೇರಿಯವರು ಬಿಚ್ಚಿ ನೋಡಿ ದೋಷವನ್ನು ಹೇಳಬಲ್ಲರು. ಇದಾದರೋ ಮೂರ್ಛೆರೋಗವಿದ್ದಂತೆ. ವೈದ್ಯರು ಬಂದು ಮುಟ್ಟುವ ಹೊತ್ತಿಗೆ ರೋಗಿಯು ಎದ್ದು ಕುಳಿತು ಕಾಫಿ ಕುಡಿಯುತ್ತಿರುವನು. ಅಂಥಲ್ಲಿ ವೈದ್ಯರು ನಾಡಿಯನ್ನು ಹಿಡಿಯುವುದಕ್ಕಿಂತ ಮುಂಚೆ ಹತ್ತಿರವಿದ್ದವರನ್ನು ವಿಚಾರಿಸುವರು: ಎಷ್ಟು ಗಂಟೆಗೆ ಬಿದ್ದನು, ಎಷ್ಟು ಹೊತ್ತು ಮೈಮೇಲೆ ಪ್ರಜ್ಞೆ ಇರಲಿಲ್ಲ, ಬೀಳುವ ಮುಂಚೆ ಏನು ಮಾಡುತ್ತಿದ್ದನು ಎಂದು.

ಇದನ್ನು ಕುರಿತು ಬರೆಯಲು ನಮ್ಮ ಹೆಡ್‌ಮಿಸ್ಟ್ರೆಸ್ಸರಿಗೆ ಅಧಿಕಾರವೇನೆಂದು ಹಳೆಯ ವಿದ್ಯಾರ್ಥಿನಿಯರು ಕೇಳಬಹುದು. ನಾನು ನಿಮಗೆ ಕನ್ನಡವನ್ನೂ ಚರಿತ್ರೆಯನ್ನೂ ಕಲಿಸಿದವಳೇ ಹೊರತು ಯಂತ್ರಶಾಸ್ತ್ರವನ್ನು ಓದಿದವಳಲ್ಲ. ಆದರೆ ಈ ವಿಷಯದಲ್ಲಿ ನಾನು ಒಂದು ತಪ್ಪನ್ನು ಮಾಡಿದ್ದರಿಂದ, ಅದನ್ನು ತಿದ್ದಿಕೊಳ್ಳುವುದಕ್ಕೋಸ್ಕರ ಕಲಿಯಬೇಕಾಯಿತು.

ನಮ್ಮ ಕಚೇರಿಯಲ್ಲಿ ಲಿನಕ್ಸ್ ವ್ಯವಸ್ಥೆಯಿಂದ ನಡೆಯುವ ಒಂದು ಹಳೆಯ ಗಣಕಯಂತ್ರವಿದೆ. ಅದರ ಮೆಮೊರಿ ೪ ಗಿಗಾಬೈಟು. ತಿರುಗುವ ತಟ್ಟೆಗಳುಳ್ಳ ಹಾರ್ಡ್ ಡಿಸ್ಕು. ಹತ್ತನೆಯ ತರಗತಿಯವರ ಆಂತರಿಕ ಅಂಕಪಟ್ಟಿಗಳೂ ದಾಖಲಾತಿ ಪುಸ್ತಕದ ಪ್ರತಿಯೂ ಅದರಲ್ಲೇ ಇವೆ. ಈ ಸಂಚಿಕೆಗಾಗಿ ಹಳೆಯ ವಿದ್ಯಾರ್ಥಿನಿಯರ ವಿಳಾಸಗಳನ್ನು ಬೆರಳಚ್ಚು ಮಾಡುವ ಕೆಲಸಕ್ಕೆ ಒಂಬತ್ತನೆಯ ತರಗತಿಯ ಒಬ್ಬ ಹುಡುಗಿಯನ್ನು ಸಾಯಂಕಾಲದ ಹೊತ್ತು ಕಚೇರಿಗೆ ಬರುವಂತೆ ಹೇಳಿದ್ದೆನು. ಅವಳು ಬರತೊಡಗಿ ಒಂದು ವಾರವಾಗುವಷ್ಟರಲ್ಲಿ ಯಂತ್ರವು ಆಗಾಗ ನಿಲ್ಲುತ್ತದೆಂಬ ದೂರು ಹುಟ್ಟಿತು. ಅವಳೇ ಏನೋ ಸೇರಿಸಿರಬೇಕೆಂದು ಗುಮಾಸ್ತರು ಹೇಳಿದರು. ನಾನು ಅವಳನ್ನು ಕರೆದು, "ಯಂತ್ರದೊಳಗೆ ಏನು ಹಾಕಿದೆ?" ಎಂದು ಕೇಳಿದೆನು. "ನಾನೇನೂ ಹಾಕಿಲ್ಲ ಟೀಚರ್, ವಿಳಾಸ ಮಾತ್ರ ಟೈಪು ಮಾಡಿದ್ದೇನೆ" ಎಂದಳು. ಇನ್ನು ಮುಂದೆ ಕಚೇರಿಗೆ ಬರುವುದು ಬೇಡವೆಂದು ನಾನು ಹೇಳಿಬಿಟ್ಟೆನು. ಹುಡುಗಿ ಮಾತನಾಡದೆ ಹೊರಟುಹೋದಳು. ಸ್ತಂಭನವು ಮಾತ್ರ ಹೋಗಲಿಲ್ಲ.

ರಿಪೇರಿಯವರೊಬ್ಬರು ಬಂದು, ಹತ್ತು ನಿಮಿಷ ನೋಡಿ, ಎಲ್ಲವನ್ನೂ ಅಳಿಸಿ ಹೊಸದಾಗಿ ಹಾಕಿದರೆ ಸರಿಹೋಗುವುದೆಂದರು. ಹಾಗೆ ಮಾಡಿಸಿದ್ದರೆ ದೋಷವು ಇದ್ದ ಹಾಗೆಯೇ ಇರುತ್ತಿತ್ತು; ದೋಷದ ಸಾಕ್ಷ್ಯವು ಮಾತ್ರ ಅಳಿದುಹೋಗುತ್ತಿತ್ತು. ನಮ್ಮ ವಿಜ್ಞಾನದ ಉಪಾಧ್ಯಾಯಿನಿಯವರು, "ಎರಡು ವಾರ ಕೊಡಿ, ನೋಡೋಣ" ಎಂದು ತಡೆದದ್ದೇ ಒಳ್ಳೆಯದಾಯಿತು. ಮುಂದೆ ಬರೆದಿರುವುದು ಅವರಿಂದ ನಾನು ಕಲಿತದ್ದು. ಆಜ್ಞೆಗಳ ಹೆಸರುಗಳನ್ನು ಉಚ್ಚಾರದಂತೆ ಕನ್ನಡದಲ್ಲಿ ಕೊಟ್ಟಿದ್ದೇನೆ; ಅವುಗಳನ್ನು ಇಂಗ್ಲಿಷಿನ ಸಣ್ಣಕ್ಷರಗಳಲ್ಲಿ ಒತ್ತತಕ್ಕದ್ದು.

ಲಿನಕ್ಸ್ ಎಂಬುದು ಯೂನಿಕ್ಸ್ ಮನೆತನಕ್ಕೆ ಸೇರಿದ ವ್ಯವಸ್ಥೆ. ಯೂನಿಕ್ಸನ್ನು ೧೯೬೯ರಲ್ಲಿ ಅಮೇರಿಕದ ಬೆಲ್ ಪ್ರಯೋಗಶಾಲೆಯಲ್ಲಿ ಕೆನ್ ಥಾಂಪ್ಸನ್, ಡೆನ್ನಿಸ್ ರಿಚಿ ಮೊದಲಾದವರು ಆರಂಭಿಸಿದರು. ೧೯೯೧ರಲ್ಲಿ ಫಿನ್ಲೆಂಡಿನ ಹೆಲ್ಸಿಂಕಿಯಲ್ಲಿ ವಿದ್ಯಾರ್ಥಿಯಾಗಿದ್ದ ಲೀನಸ್ ಟೋರ್ವಾಲ್ಡ್ಸ್ ಎಂಬವರು ಅದೇ ಮಾದರಿಯಲ್ಲಿ ಸ್ವಂತವಾಗಿ ಬರೆದ ಕರ್ನೆಲ್ ಅಂದರೆ ತಿರುಳೇ ಲಿನಕ್ಸು. ಈ ಮನೆತನದ ಎರಡು ಗುಣಗಳು ನಮಗಿಲ್ಲಿ ಮುಖ್ಯ. ಒಂದು, ಒಂದೇ ಯಂತ್ರದಲ್ಲಿ ಅನೇಕ ಕಾರ್ಯಗಳು ಪಾಲು ಹಂಚಿಕೊಂಡು ನಡೆಯುತ್ತವೆ. ಹಂಚುವ ಅಧಿಕಾರವು ಕರ್ನೆಲಿನದು. ಇನ್ನೊಂದು, ನಡೆದ ಸಂಗತಿಗಳನ್ನು ಗಂಟೆ ನಿಮಿಷಗಳ ಸಹಿತ ದಿನಚರಿಯಲ್ಲಿ ಬರೆದಿಡುವ ಪದ್ಧತಿಯುಂಟು.

ಸ್ತಂಭಿಸಿದ ಯಂತ್ರವು ವಿಪರೀತ ಕೆಲಸದಿಂದ ಬಳಲಿದೆಯೆಂದು ನಾವು ಎಣಿಸುತ್ತೇವೆ. ಅನೇಕ ಸಂದರ್ಭಗಳಲ್ಲಿ ಸಂಗತಿಯು ಇದಕ್ಕೆ ವಿರುದ್ಧ: ಅದು ಕೆಲಸ ಮಾಡುತ್ತಿಲ್ಲ, ಕಾಯುತ್ತಿದೆ. ಟಾಪ್ ಎಂಬ ಆಜ್ಞೆಯನ್ನು ಕೊಟ್ಟರೆ ಪರದೆಯ ಮೇಲ್ಗಡೆ ಲೋಡ್ ಆವರೇಜ್ ಎಂಬ ಮೂರು ಸಂಖ್ಯೆಗಳು ಕಾಣುವವು. ಇವು ಕಳೆದ ೧, ೫, ೧೫ ನಿಮಿಷಗಳ ಸರಾಸರಿ ಹೊರೆಯನ್ನು ಸೂಚಿಸುತ್ತವೆ. ಲಿನಕ್ಸಿನಲ್ಲಿ ಈ ಎಣಿಕೆಗೆ ಗಣಿಸುವ ಯಂತ್ರಾಂಗವನ್ನು ಬೇಡುವ ಕಾರ್ಯಗಳಲ್ಲದೆ, ಡಿಸ್ಕಿನಂಥ ಸಾಧನದ ಉತ್ತರಕ್ಕಾಗಿ ಅಲುಗಾಡಲಾರದೆ ಕಾದಿರುವ ಕಾರ್ಯಗಳೂ ಸೇರುತ್ತವೆ. ಆದಕಾರಣ ಹೊರೆಯು ೯ ಎಂದಿದ್ದಾಗಲೂ ಯಂತ್ರಾಂಗವು ಸುಮ್ಮನೆ ಕುಳಿತಿರಬಹುದು. ಪಡಿತರದಂಗಡಿಯ ಮುಂದೆ ಒಂಬತ್ತು ಮಂದಿ ನಿಂತಿದ್ದಾರೆಂಬ ಮಾತ್ರಕ್ಕೆ ಒಳಗೆ ತೂಕ ನಡೆಯುತ್ತಿದೆಯೆಂದು ಹೇಳಲಾದೀತೇ? ಹಾಗೆ ಕಾದಿರುವ ಕಾರ್ಯಗಳನ್ನು ಟಾಪಿನ ಪಟ್ಟಿಯಲ್ಲಿ ಡಿ ಎಂಬ ಅಕ್ಷರದಿಂದ ಗುರುತಿಸಿರುತ್ತದೆ. ಕಾರಣಶೋಧನೆಯೆಂದರೆ ಮುಖ್ಯವಾಗಿ ಇಷ್ಟೇ: ಯಂತ್ರವು ಯಾವುದಕ್ಕಾಗಿ ಕಾಯುತ್ತಿದೆಯೆಂಬುದನ್ನು ಕಂಡುಹಿಡಿಯುವುದು.

ಸ್ತಂಭನವು ಬಂದಾಗ ಗಾಬರಿಪಡದೆ ಕೆಲವನ್ನು ಗಮನಿಸತಕ್ಕದ್ದು. ಒಂದೇ ಕಿಟಕಿಯು ನಿಂತು ಉಳಿದವು ನಡೆಯುತ್ತಿದ್ದರೆ ತಪ್ಪು ಆ ಒಂದು ಕಾರ್ಯಕ್ರಮದ್ದು. ಅಲ್ಲಿಗೆ ಶೋಧನೆಯು ಮುಗಿಯಿತು. ಬಾಣವು ಓಡಾಡುತ್ತಿದ್ದು ಯಾವುದನ್ನು ಒತ್ತಿದರೂ ಉತ್ತರವಿಲ್ಲದಿದ್ದರೆ ಪರದೆಯನ್ನು ನಿರ್ವಹಿಸುವ ಭಾಗವು ಏನನ್ನೋ ಕಾಯುತ್ತಿರಬಹುದು. ಬಾಣವು ಕುಂಟುತ್ತಾ ಚಲಿಸುತ್ತಿದ್ದು ಡಿಸ್ಕಿನ ದೀಪವು ಎಡೆಬಿಡದೆ ಉರಿಯುತ್ತಿದ್ದರೆ ಮೆಮೊರಿಯ ಕೊರತೆಯನ್ನು ಸಂಶಯಿಸಬೇಕು. ಕ್ಯಾಪ್ಸ್ ಲಾಕ್ ಕೀಲಿಯನ್ನು ಒತ್ತಿದಾಗ ಅದರ ದೀಪ ಹತ್ತಿದರೆ ಕೀಲಿಮಣೆಯ ಮಾತನ್ನು ಒಳಗೆ ಕೇಳುವವರು ಇದ್ದಾರೆಂದರ್ಥ; ಹತ್ತದಿದ್ದರೆ ಮಾತ್ರ ಎಲ್ಲವೂ ಸತ್ತಿತೆಂದು ತಿಳಿಯಬಾರದು, ಏಕೆಂದರೆ ಚಿತ್ರಮಯ ಪರದೆಯಲ್ಲಿ ಆ ದೀಪವನ್ನು ಹೊತ್ತಿಸುವ ಕೆಲಸವೂ ಪರದೆಯ ನಿರ್ವಾಹಕನದೇ. ಆಗ ಕಂಟ್ರೋಲ್, ಆಲ್ಟ್, ಎಫ್೩ ಈ ಮೂರು ಕೀಲಿಗಳನ್ನು ಒಟ್ಟಿಗೆ ಒತ್ತಿ ಸ್ವಲ್ಪ ಕಾಯಬೇಕು. ಬರಿಯ ಅಕ್ಷರಗಳ ಕಪ್ಪು ಪುಟವು ಬಂದು ಹೆಸರನ್ನು ಕೇಳಿದರೆ ಕರ್ನೆಲು ಜೀವಂತವಾಗಿದೆ; ರೋಗವು ಚಿತ್ರಗಳ ಮನೆಯಲ್ಲಿದೆ. ಎಫ್೧ ಇಲ್ಲವೆ ಎಫ್೨ನ್ನು ಅದೇ ರೀತಿ ಒತ್ತಿದರೆ ಹಿಂದಿನ ಪುಟಕ್ಕೆ ಮರಳಬಹುದು.

ಇವೆಲ್ಲಕ್ಕಿಂತ ಉಪಯುಕ್ತವಾದದ್ದು ಎರಡು ರೂಪಾಯಿಯ ಪೆನ್ಸಿಲು. ನಮ್ಮ ವಿಜ್ಞಾನದ ಉಪಾಧ್ಯಾಯಿನಿಯವರು ಒಂದು ಹಳೆಯ ಹಾಜರಿ ಪುಸ್ತಕದಲ್ಲಿ ಮನೆಗಳನ್ನು ಗೀಚಿ ಗುಮಾಸ್ತರ ಕೈಗೆ ಕೊಟ್ಟರು. ತಾರೀಖು, ಗೋಡೆಯ ಗಡಿಯಾರದಲ್ಲಿ ಕಂಡ ಗಂಟೆ ನಿಮಿಷ, ಎಷ್ಟು ಸೆಕೆಂಡು ನಿಂತಿತು, ಆಗ ಯಾವ ಕೆಲಸ ನಡೆಯುತ್ತಿತ್ತು, ದೀಪವು ಉರಿಯುತ್ತಿತ್ತೋ ಇಲ್ಲವೋ: ಇಷ್ಟನ್ನು ಪ್ರತಿ ಸಲವೂ ಬರೆಯತಕ್ಕದ್ದು. ಯಂತ್ರದ ಗಡಿಯಾರವನ್ನು ನಂಬಬಾರದು, ಅದು ಯಂತ್ರದೊಂದಿಗೇ ನಿಲ್ಲುವುದೆಂದು ಅವರು ಒತ್ತಿ ಹೇಳಿದರು. ಗುಮಾಸ್ತರಿಗೆ ಮೊದಲು ಇದು ಮಕ್ಕಳಾಟವೆನಿಸಿತು. ನಾಲ್ಕನೆಯ ದಿನದಿಂದ ಅವರೇ ಆಸಕ್ತಿಯಿಂದ ತಮ್ಮ ಕೈಗಡಿಯಾರವನ್ನು ಬಿಚ್ಚಿ ಮೇಜಿನ ಮೇಲೆ ಇಟ್ಟುಕೊಳ್ಳತೊಡಗಿದರು.

ಈಗ ಮೆಮೊರಿಯ ವಿಚಾರ. ಸರ್ವಸಾಧಾರಣವಾದ ಕಾರಣವು ಇದೇ ಆದುದರಿಂದ ನಾವೂ ಇದನ್ನೇ ಮೊದಲು ಹುಡುಕಿದೆವು. ಉಪಾಧ್ಯಾಯಿನಿಯೊಬ್ಬಳು ಸಣ್ಣ ಮೇಜಿನ ಮುಂದೆ ಕುಳಿತು ತಿದ್ದುವ ಕೆಲಸ ಮಾಡುತ್ತಿದ್ದಾಳೆಂದೂ ಪುಸ್ತಕಗಳ ಬೀರು ಅಂಗಳದ ಆಚೆಯ ಕೋಣೆಯಲ್ಲಿದೆಯೆಂದೂ ಭಾವಿಸಿರಿ. ಮೇಜಿನ ಮೇಲೆ ಹತ್ತು ಪುಸ್ತಕಗಳಿಗೆ ಸ್ಥಳವುಂಟು. ಹನ್ನೊಂದನೆಯದು ಬೇಕಾದಾಗ ಒಂದನ್ನು ಬೀರುವಿಗೆ ಒಯ್ದು ಇಟ್ಟು ಇನ್ನೊಂದನ್ನು ತರುವಳು. ಯಾವಾಗಲೋ ಒಮ್ಮೆ ಹೀಗಾದರೆ ತೊಂದರೆಯಿಲ್ಲ. ಆದರೆ ತಿದ್ದುವ ಕೆಲಸಕ್ಕೆ ಹದಿನೈದು ಪುಸ್ತಕಗಳೂ ಮತ್ತೆ ಮತ್ತೆ ಬೇಕಾಗಿದ್ದರೆ, ಅವಳ ದಿನವೆಲ್ಲಾ ಅಂಗಳವನ್ನು ದಾಟುವುದರಲ್ಲೇ ಕಳೆಯುವುದು. ಒಂದು ಸಾಲೂ ತಿದ್ದಲ್ಪಡದು. ಮೇಜೆಂದರೆ ಮೆಮೊರಿ, ಬೀರು ಎಂದರೆ ಡಿಸ್ಕಿನಲ್ಲಿ ಮೀಸಲಾಗಿಟ್ಟ ಸ್ವಾಪ್ ಎಂಬ ಸ್ಥಳ. ದೂರದ ಅಂದಾಜು ಬೇಕಾದರೆ ಹೀಗೆ: ಮೆಮೊರಿಯಿಂದ ಒಂದು ವಿಷಯವನ್ನು ತರಲು ಒಂದು ಸೆಕೆಂಡಿನ ಕೋಟಿಯಲ್ಲೊಂದು ಭಾಗದಷ್ಟು ಹೊತ್ತು ಹಿಡಿದರೆ, ತಿರುಗುವ ಡಿಸ್ಕಿನ ಮುಳ್ಳು ಸರಿಯಾದ ಜಾಗಕ್ಕೆ ಹೋಗಿ ಓದುವುದಕ್ಕೆ ಸೆಕೆಂಡಿನ ನೂರರಲ್ಲೊಂದು ಭಾಗ ಬೇಕು. ಅಂದರೆ ಲಕ್ಷಪಟ್ಟು ನಿಧಾನ. ಈಗಿನ ಘನಸ್ಥಿತಿಯ ಡಿಸ್ಕುಗಳಲ್ಲಿ ಈ ಅಂತರವು ಬಹಳ ಕಡಿಮೆಯಾಗಿದ್ದರೂ ಇಲ್ಲವಾಗಿಲ್ಲ.

ಇದನ್ನು ಕಣ್ಣಾರೆ ನೋಡುವುದಕ್ಕೆ ವಿಎಂಸ್ಟಾಟ್ ಎಂಬ ಆಜ್ಞೆಯ ಮುಂದೆ ಸ್ಥಳ ಬಿಟ್ಟು ೧ ಎಂದು ಒತ್ತಬೇಕು. ಸೆಕೆಂಡಿಗೊಂದು ಸಾಲಿನಂತೆ ಸಂಖ್ಯೆಗಳು ಇಳಿಯುತ್ತವೆ. ಮೊದಲನೆಯ ಸಾಲು ಯಂತ್ರವನ್ನು ಹಚ್ಚಿದಂದಿನಿಂದ ಆದ ಸರಾಸರಿಯಾದ್ದರಿಂದ ಅದನ್ನು ಬಿಟ್ಟುಬಿಡತಕ್ಕದ್ದು. ನಾನು ಎರಡು ದಿನ ಅದನ್ನೇ ನೋಡುತ್ತಾ ಕುಳಿತಿದ್ದೆನು. ಎಸ್‌ಐ, ಎಸ್‌ಒ ಎಂಬ ಎರಡು ಕಂಬಸಾಲುಗಳು ಸ್ವಾಪಿನಿಂದ ತಂದದ್ದನ್ನೂ ಅಲ್ಲಿಗೆ ಒಯ್ದದ್ದನ್ನೂ ತೋರಿಸುವವು. ಇವೆರಡೂ ಬಹಳ ಹೊತ್ತು ಸಾವಿರಗಳಲ್ಲಿ ನಿಂತು, ಕಾದಿರುವವರ ಎಣಿಕೆಯಾದ ಬಿ ಎಂಬುದೂ ಏರುತ್ತಿದ್ದರೆ, ಅಂಗಳ ದಾಟುವ ಕೆಲಸವೇ ನಡೆಯುತ್ತಿದೆಯೆಂದು ತಿಳಿಯಿರಿ. ಸ್ವಾಪಿನಲ್ಲಿ ಏನೋ ಸ್ವಲ್ಪ ಇದೆ ಎಂಬ ಮಾತ್ರಕ್ಕೆ ಹೆದರಬೇಕಾದದ್ದಿಲ್ಲ. ಬೇಡವಾದ ಪುಸ್ತಕವು ಬೀರುವಿನಲ್ಲಿರುವುದು ಮೇಜಿಗೆ ಒಳ್ಳೆಯದೇ. ಸ್ವಾಪನ್ನೇ ತೆಗೆದುಹಾಕಿದರೆ ಸ್ತಂಭನವು ನಿಲ್ಲುವುದೆಂದು ಕೆಲವರು ಹೇಳುವುದುಂಟು. ಅದನ್ನು ನಾನು ಒಪ್ಪಲಾರೆ. ಸ್ವಾಪ್ ಇಲ್ಲದಾಗ ಕರ್ನೆಲು ಕಾರ್ಯಕ್ರಮಗಳ ಮೂಲ ಬರಹವನ್ನೇ ಮೆಮೊರಿಯಿಂದ ತೆಗೆದುಹಾಕಿ, ಬೇಕಾದಾಗ ಡಿಸ್ಕಿನಿಂದ ಪುನಃ ಓದತೊಡಗುವುದು, ಓಡಾಟವು ತಪ್ಪದು.

೨೦೧೮ರ ಕೊನೆಯಲ್ಲಿ ಹೊರಟ ೪.೨೦ನೆಯ ಕರ್ನೆಲಿನಿಂದ ಈಚೆಗೆ ಇನ್ನೊಂದು ಅನುಕೂಲವಾಗಿದೆ. ಪ್ರಾಕ್ ಎಂಬ ಕೋಶದ ಒಳಗಣ ಪ್ರೆಷರ್ ಎಂಬ ಉಪಕೋಶದಲ್ಲಿ ಸಿಪಿಯು, ಮೆಮೊರಿ, ಐಒ ಎಂಬ ಮೂರು ಕಡತಗಳಿವೆ. ಯಾವ ವಸ್ತುವಿಗಾಗಿ ಎಷ್ಟು ಹೊತ್ತು ಕಾಯಬೇಕಾಯಿತೆಂಬುದನ್ನು ಶೇಕಡಾವಾರು ಲೆಕ್ಕದಲ್ಲಿ, ೧೦, ೬೦, ೩೦೦ ಸೆಕೆಂಡುಗಳ ಸರಾಸರಿಯಾಗಿ ಅವು ತಿಳಿಸುವವು. ಮೆಮೊರಿಯ ಕಡತದಲ್ಲಿ ಫುಲ್ ಎಂಬ ಸಾಲಿನ ಮೊದಲನೆಯ ಸಂಖ್ಯೆ ೪೦ ಎಂದಿದ್ದರೆ, ಕಳೆದ ಹತ್ತು ಸೆಕೆಂಡುಗಳಲ್ಲಿ ನಾಲ್ಕು ಸೆಕೆಂಡುಗಳಷ್ಟು ಹೊತ್ತು, ಮಾಡಬೇಕಾದ ಕೆಲಸವುಳ್ಳವರೆಲ್ಲರೂ ಮೆಮೊರಿಗಾಗಿ ಕೈಕಟ್ಟಿ ನಿಂತಿದ್ದರೆಂದರ್ಥ. ಈ ಸಂಖ್ಯೆಗಳನ್ನು ನೋಡಿಕೊಂಡು, ಯಂತ್ರವು ಪೂರ್ತಿ ಮುಳುಗುವುದಕ್ಕೆ ಮೊದಲೇ ಅತಿಯಾಗಿ ಮೆಮೊರಿಯನ್ನು ನುಂಗಿದ ಕಾರ್ಯವನ್ನು ನಿಲ್ಲಿಸುವ ಸಿಸ್ಟಂಡಿ-ಊಮ್‌ಡಿ ಎಂಬ ಕಾವಲುಗಾರನನ್ನು ಈಗಿನ ಕೆಲವು ಲಿನಕ್ಸ್ ವಿತರಣೆಗಳಲ್ಲಿ ಮೊದಲೇ ಇಟ್ಟಿರುತ್ತಾರೆ. ಕರ್ನೆಲಿನಲ್ಲಿಯೂ ಅಂಥದೊಂದು ಏರ್ಪಾಡುಂಟು. ಆದರೆ ಅದು ಎಚ್ಚರಗೊಳ್ಳುವಷ್ಟರಲ್ಲಿ ಕುಳಿತವರ ತಾಳ್ಮೆ ಮುಗಿದಿರುತ್ತದೆ.

ನಮ್ಮ ಯಂತ್ರದಲ್ಲಿ ಮೆಮೊರಿಯ ಕೊರತೆಯು ನಿಜವಾಗಿಯೂ ಇತ್ತು. ಗುಮಾಸ್ತರು ಬ್ರೌಸರಿನಲ್ಲಿ ಇಪ್ಪತ್ತು ಪುಟಗಳನ್ನು ತೆರೆದಿಟ್ಟುಕೊಂಡು ಅಂಕಪಟ್ಟಿಯನ್ನೂ ತೆರೆಯುತ್ತಿದ್ದರು. ಪುಟಗಳನ್ನು ಮುಚ್ಚಿಸಿದೆವು, ಇನ್ನೂ ೪ ಗಿಗಾಬೈಟಿನ ಮೆಮೊರಿ ಪಟ್ಟಿಯೊಂದನ್ನು ಕೊಂಡು ಹಾಕಿಸಿದೆವು. ಸ್ತಂಭನಗಳು ಅರ್ಧಕ್ಕೆ ಇಳಿದವು. ಕಾರಣವು ಸಿಕ್ಕಿತೆಂದು ನಾನು ಸಂತೋಷಪಟ್ಟೆನು. ವಿಜ್ಞಾನದ ಉಪಾಧ್ಯಾಯಿನಿಯವರು ಮಾತ್ರ, ಉಳಿದ ಅರ್ಧವೇಕೆ ಉಳಿಯಿತು ಎಂದು ಕೇಳಿದರು.

ಹಾಜರಿ ಪುಸ್ತಕವನ್ನು ತೆರೆದು ನೋಡಿದೆವು. ಹಿಂದೆ ಬರೆದಿದ್ದ ಸ್ತಂಭನಗಳ ಅವಧಿಯು ೮ ಸೆಕೆಂಡು, ೫೦ ಸೆಕೆಂಡು, ಎರಡು ನಿಮಿಷ ಹೀಗೆ ನಾನಾ ಬಗೆಯಾಗಿತ್ತು. ಅವುಗಳ ನಡುನಡುವೆ ಬೇರೊಂದು ಜಾತಿಯವು ಇದ್ದವು. ಈಗ ಉಳಿದವು ಈ ಎರಡನೆಯ ಜಾತಿಯವೇ. ಅವುಗಳ ಅವಧಿ: ೩೧, ೩೦, ೩೨, ೩೧ ಸೆಕೆಂಡು; ಒಮ್ಮೆ ಮಾತ್ರ ೬೨. ಆಗ ನಡೆಯುತ್ತಿದ್ದ ಕೆಲಸವು ಒಂದೊಂದು ಸಲ ಒಂದೊಂದು. ಎರಡು ಸಲವಂತೂ ಯಾರೂ ಯಂತ್ರವನ್ನು ಮುಟ್ಟಿರಲೇ ಇಲ್ಲ. ಮೆಮೊರಿಯ ಕೊರತೆಯಿಂದಾದ ಸ್ತಂಭನವು ಹೊರೆಯಿದ್ದಂತೆ ಹೆಚ್ಚು ಕಡಿಮೆಯಾಗುವುದು. ಹೀಗೆ ಗಂಟೆ ಹೊಡೆದ ಹಾಗೆ ಒಂದೇ ಅವಧಿಗೆ ಬಂದು ಹೋಗುವುದು ಯಾರೋ ಇಟ್ಟ ಗಡುವಿನ ಲಕ್ಷಣ. ಗಡುವನ್ನು ಇಡುವವನು ಕರ್ನೆಲು. ಡಿಸ್ಕಿಗೆ ಒಂದು ಅಪ್ಪಣೆಯನ್ನು ಕೊಟ್ಟ ಮೇಲೆ ಅದು ಸಾಧಾರಣವಾಗಿ ೩೦ ಸೆಕೆಂಡುಗಳ ತನಕ ಉತ್ತರವನ್ನು ಕಾಯುವುದು. ಉತ್ತರವು ಬಾರದಿದ್ದರೆ ಸಂಪರ್ಕವನ್ನು ಕಡಿದು, ಪುನಃ ಜೋಡಿಸಿ, ಅಪ್ಪಣೆಯನ್ನು ಮತ್ತೆ ಕೊಡುವುದು. ಆ ಮೂವತ್ತು ಸೆಕೆಂಡು ಡಿಸ್ಕನ್ನು ಬೇಡುವ ಸಕಲ ಕಾರ್ಯಗಳೂ ನಿಂತಲ್ಲೇ ನಿಲ್ಲುವವು. ಎರಡು ಸಲ ಉತ್ತರ ತಪ್ಪಿದರೆ ಅರುವತ್ತು.

ಇನ್ನು ದಿನಚರಿಯನ್ನು ಓದುವುದಷ್ಟೇ ಉಳಿಯಿತು. ಜರ್ನಲ್‌ಸಿಟಿಎಲ್ ಎಂಬ ಆಜ್ಞೆಯ ಮುಂದೆ ಸ್ಥಳ ಬಿಟ್ಟು ಅಡ್ಡಗೆರೆಯನ್ನೂ ಕೆ ಎಂಬ ಅಕ್ಷರವನ್ನೂ ಒತ್ತಿದರೆ ಕರ್ನೆಲು ಬರೆದ ಮಾತುಗಳು ಮಾತ್ರ ಕಾಣುವವು. ಡಿ, ಎಂ, ಇ, ಎಸ್, ಜಿ ಎಂಬ ಐದಕ್ಷರಗಳ ಆಜ್ಞೆಯಿಂದಲೂ ಅವೇ ಬರುತ್ತವೆ. ಆದರೆ ಅದರಲ್ಲಿ ಕಾಲವನ್ನು ಯಂತ್ರ ಹಚ್ಚಿದಂದಿನಿಂದ ಸೆಕೆಂಡುಗಳಲ್ಲಿ ಎಣಿಸಿರುತ್ತದೆ. ಅದನ್ನು ಗಂಟೆ ನಿಮಿಷಗಳಿಗೆ ತಿರುಗಿಸಿ ತೋರಿಸುವ ಕ್ರಮವಿದ್ದರೂ, ನಡುವೆ ಯಂತ್ರವು ನಿದ್ರಿಸಿ ಎದ್ದಿದ್ದರೆ ಆ ಗಂಟೆಯು ತಪ್ಪಾಗಬಹುದು. ಆದುದರಿಂದ ನಾವು ಜರ್ನಲನ್ನೇ ಆಶ್ರಯಿಸಿದೆವು. ಇಲ್ಲಿ ಒಂದು ಎಚ್ಚರಿಕೆ: ಒಂದು ಕಾರ್ಯವು ೧೨೦ ಸೆಕೆಂಡುಗಳಿಗಿಂತ ಹೆಚ್ಚು ಕಾಲ ತಡೆಯಲ್ಪಟ್ಟಿತೆಂದು ಕರ್ನೆಲು ಬರೆಯುವ ಪ್ರಸಿದ್ಧವಾದ ಮಾತೊಂದುಂಟು, ಅದಕ್ಕಿಂತ ಚಿಕ್ಕ ಸ್ತಂಭನಗಳಿಗೆ ಅದು ಬಾರದು. ಅದು ಕಾಣಲಿಲ್ಲವೆಂದು ಯಂತ್ರವು ನಿರ್ದೋಷವೆಂದು ತೀರ್ಮಾನಿಸಬಾರದು.

ಹಾಜರಿ ಪುಸ್ತಕದ ಒಂದೊಂದು ಗಂಟೆಯನ್ನೂ ಗುಮಾಸ್ತರು ಓದಿದರು. ವಿಜ್ಞಾನದ ಉಪಾಧ್ಯಾಯಿನಿಯವರು ದಿನಚರಿಯಲ್ಲಿ ಹುಡುಕಿದರು. ಪ್ರತಿಯೊಂದು ಮೂವತ್ತು ಸೆಕೆಂಡಿನ ಸ್ತಂಭನದ ಹೊತ್ತಿಗೂ ಎಟಿಎ ಎಂಬ ಡಿಸ್ಕಿನ ಸಂಪರ್ಕದ ಹೆಸರಿನಲ್ಲಿ ನಾಲ್ಕೈದು ಸಾಲುಗಳಿದ್ದವು: ಫ್ರೋಜನ್, ಟೈಮೌಟ್, ಹಾರ್ಡ್ ರೀಸೆಟಿಂಗ್ ಲಿಂಕ್. ಅಂದರೆ ಹೆಪ್ಪುಗಟ್ಟಿತು, ಗಡುವು ಮೀರಿತು, ಸಂಪರ್ಕವನ್ನು ಬಲವಂತವಾಗಿ ಪುನಃ ಜೋಡಿಸಲಾಗುತ್ತಿದೆ. ನಾವು ಹೊರಗಿನಿಂದ ಕೊಟ್ಟ ಹೆಸರನ್ನೇ ಕರ್ನೆಲು ಒಳಗಿನಿಂದ ಬರೆದಿಟ್ಟಿತ್ತು. ಒಂದು ಕಡೆ, ಸಂಪರ್ಕದ ವೇಗವನ್ನು ೧.೫ ಗಿಗಾಬಿಟ್ಟಿಗೆ ಇಳಿಸಿದ್ದೇನೆಂದೂ ಬರೆದಿತ್ತು. ದಾರಿ ಸರಿಯಿಲ್ಲವೆಂದು ಬಂಡಿಯವನು ಎತ್ತುಗಳನ್ನು ಮೆಲ್ಲನೆ ನಡೆಯಿಸಿದ ಹಾಗೆ.

ಅನಂತರ ಅವರು ದಿನಚರಿಯಲ್ಲಿ ಹಿಂದೆ ಹಿಂದೆ ಹೋಗುತ್ತಾ ಇಂಥ ಸಾಲು ಮೊತ್ತಮೊದಲು ಎಂದು ಬಂತೆಂದು ನೋಡಿದರು. ಆ ತಾರೀಖು ನನ್ನ ಕಣ್ಣಿಗೆ ಬಿದ್ದಾಗ ಒಂದು ನಿಮಿಷ ನಾನೇ ಸ್ತಂಭಿಸಿದೆನೆಂದು ಹೇಳಬೇಕು. ಆ ಹುಡುಗಿಯು ಕಚೇರಿಗೆ ಮೊದಲನೆಯ ಸಲ ಬಂದದ್ದಕ್ಕೆ ಒಂಬತ್ತು ದಿನಗಳ ಹಿಂದಿನ ತಾರೀಖು ಅದು. ಅದರ ಹಿಂದಿನ ದಿನ ಕಚೇರಿಗೆ ಸುಣ್ಣ ಬಳಿಸಿದ್ದೆವು. ಯಂತ್ರವನ್ನು ಎತ್ತಿ ಜಗಲಿಯಲ್ಲಿಡಿಸಿದವಳೂ, ಸಾಯಂಕಾಲ ಅವಸರವಾಗಿ ಒಳಗೆ ತರಿಸಿ ಮೇಜನ್ನು ಗೋಡೆಗೆ ಒತ್ತಿ ನಿಲ್ಲಿಸಿದವಳೂ ನಾನೇ.

ಆದರೂ ಡಿಸ್ಕೇ ಸಾಯುತ್ತಿದೆಯೋ, ಅದರ ದಾರಿ ಕೆಟ್ಟಿದೆಯೋ ಎಂಬುದು ತೀರ್ಮಾನವಾಗಬೇಕಾಗಿತ್ತು. ಪರೀಕ್ಷಿಸುವುದಕ್ಕಿಂತ ಮುಂಚೆ ಅಂಕಪಟ್ಟಿಗಳನ್ನೂ ದಾಖಲಾತಿಯ ಪ್ರತಿಯನ್ನೂ ಬೇರೆ ಎರಡು ಕಡೆಗೆ ನಕಲು ಮಾಡಿಸಿದೆವು. ಸಂಶಯವುಳ್ಳ ಡಿಸ್ಕಿನ ವಿಷಯದಲ್ಲಿ ಇದನ್ನು ನಾಳೆಗೆ ಬಿಡಬಾರದು. ತಾಯಿತಂದೆಗಳು ಮಕ್ಕಳ ಭಾವಚಿತ್ರಗಳ ವಿಷಯದಲ್ಲಿಯೂ ಹೀಗೆಯೇ ಮಾಡಬೇಕೆಂದು ನನ್ನ ವಿನಂತಿ. ಡಿಸ್ಕು ತನ್ನ ಆರೋಗ್ಯದ ಲೆಕ್ಕವನ್ನು ತಾನೇ ಇಟ್ಟಿರುತ್ತದೆ; ಅದನ್ನು ಸ್ಮಾರ್ಟ್‌ಸಿಟಿಎಲ್ ಎಂಬ ಆಜ್ಞೆಯಿಂದ ಓದಬಹುದು. ಮೇಲ್ಗಡೆ ಪಾಸ್ಡ್ ಎಂದು ಬರೆದಿದ್ದನ್ನು ನೋಡಿ ತೃಪ್ತರಾಗಬೇಡಿರಿ. ಮೊತ್ತದಲ್ಲಿ ತೇರ್ಗಡೆಯಾದ ಹುಡುಗಿಯೂ ಗಣಿತದಲ್ಲಿ ಹಿಂದೆ ಬಿದ್ದಿರಬಹುದು. ಕೆಳಗಣ ಪಟ್ಟಿಯಲ್ಲಿ ಮೂರು ಸಾಲುಗಳನ್ನು, ಅವುಗಳ ಕಡೆಯ ಸಂಖ್ಯೆಯನ್ನು ನೋಡಬೇಕು. ೫ನೆಯದು, ಕೆಟ್ಟುಹೋದದ್ದರಿಂದ ಬದಲಿ ಸ್ಥಳಕ್ಕೆ ವರ್ಗವಾದ ಭಾಗಗಳ ಎಣಿಕೆ. ೧೯೭ನೆಯದು, ಓದಲಾಗದೆ ತೀರ್ಮಾನಕ್ಕಾಗಿ ಕಾದಿರುವ ಭಾಗಗಳದು. ಇವೆರಡೂ ಏರುತ್ತಿದ್ದರೆ ಡಿಸ್ಕಿನ ಆಯುಷ್ಯ ತೀರುತ್ತಿದೆ. ಓದಲಾಗದ ಜಾಗವನ್ನು ಅದು ಮತ್ತೆ ಮತ್ತೆ ಓದಲೆತ್ನಿಸುವುದರಿಂದಲೂ ಯಂತ್ರವು ನಿಲ್ಲುವುದುಂಟು. ೧೯೯ನೆಯದು ಡಿಸ್ಕಿಗೂ ಮುಖ್ಯ ಹಲಗೆಗೂ ನಡುವೆ ಸಾಗುವಾಗ ಕೆಟ್ಟುಹೋದ ಸಂದೇಶಗಳ ಎಣಿಕೆ. ನಮ್ಮ ಡಿಸ್ಕಿನಲ್ಲಿ ಮೊದಲಿನ ಎರಡು ಸೊನ್ನೆ, ಕಡೆಯದು ೨೧೪. ಮರುದಿನ ೨೧೯.

ಯಂತ್ರವನ್ನು ಆರಿಸಿ, ಗೋಡೆಯ ತಂತಿಯನ್ನು ಕಿತ್ತು, ಪಕ್ಕದ ಮುಚ್ಚಳವನ್ನು ಬಿಚ್ಚಿದೆವು. ಡಿಸ್ಕಿನಿಂದ ಮುಖ್ಯ ಹಲಗೆಗೆ ಹೋಗುವ ಚಪ್ಪಟೆಯಾದ ಕೆಂಪು ಕೇಬಲು ಒಂದು ಕಡೆಯಲ್ಲಿ ಚೂಪಾಗಿ ಮಡಿಸಲ್ಪಟ್ಟಿತ್ತು. ಡಿಸ್ಕಿನ ಕಡೆಯ ತುದಿಯು ಪೂರ್ತಿಯಾಗಿ ಕೂತಿರಲಿಲ್ಲ. ನೂರು ರೂಪಾಯಿಗೂ ಕಡಿಮೆ ಬೆಲೆಯ ಬೇರೊಂದು ಕೇಬಲನ್ನು ತರಿಸಿ ಹಾಕಿದೆವು. ೧೯೯ನೆಯ ಎಣಿಕೆಯು ಎಂದಿಗೂ ಕಡಿಮೆಯಾಗತಕ್ಕದ್ದಲ್ಲ. ಅದು ಏರದೆ ನಿಂತರೆ ಗುಣವಾಯಿತೆಂದು ತಿಳಿಯಬೇಕು. ನಿಂತಿತು.

ಬೇರೆ ಕಾರಣಗಳೂ ಉಂಟು. ಶಾಲೆಯ ವಾರ್ಷಿಕೋತ್ಸವದ ಚಲನಚಿತ್ರದಂಥ ದೊಡ್ಡ ಕಡತವನ್ನು ನಿಧಾನವಾದ ಪೆನ್ ಡ್ರೈವಿಗೆ ನಕಲು ಮಾಡುವಾಗ, ಕರ್ನೆಲು ಅದನ್ನು ಮೊದಲು ಮೆಮೊರಿಯಲ್ಲಿ ರಾಶಿ ಹಾಕಿಕೊಳ್ಳುವುದು. ರಾಶಿಯು ಮೆಮೊರಿಯ ಗೊತ್ತಾದ ಪಾಲಿಗೆ, ಸಾಧಾರಣವಾಗಿ ಖಾಲಿ ಮೆಮೊರಿಯ ಶೇಕಡಾ ೨೦ಕ್ಕೆ ಮುಟ್ಟಿದಾಗ, ಬರೆಯುವವರೆಲ್ಲರನ್ನೂ ತಡೆದು ನಿಲ್ಲಿಸುವುದು. ನಕಲು ನೂರಕ್ಕೆ ನೂರಾಯಿತೆಂದು ತೋರಿಸಿದ ಮೇಲೂ ಪೆನ್ ಡ್ರೈವನ್ನು ಕೀಳಬಾರದೆಂಬುದಕ್ಕೆ ಕಾರಣವೂ ಇದೇ. ಚಿತ್ರಾಂಗದ ದೋಷವಾದರೆ ದಿನಚರಿಯಲ್ಲಿ ಜಿಪಿಯು ಹ್ಯಾಂಗ್, ರಿಂಗ್ ಟೈಮೌಟ್ ಎಂಬಂಥ ಮಾತುಗಳಿರುತ್ತವೆ. ಅದಕ್ಕೆ ಕರ್ನೆಲಿನ ಹೊಸ ಆವೃತ್ತಿಯನ್ನು ಹಾಕಿ ನೋಡುವುದು ಮೊದಲನೆಯ ಉಪಾಯ. ಜಾಲದ ಮೂಲಕ ಬೇರೊಂದು ಯಂತ್ರದ ಕಡತಗಳನ್ನು ಬಳಸುತ್ತಿದ್ದರೆ, ಆ ಯಂತ್ರವು ನಿಂತಾಗ ಇದೂ ನಿಲ್ಲಬಹುದು. ಧೂಳು ತುಂಬಿ ಬಿಸಿಯೇರಿದ ಯಂತ್ರವು ನಿಲ್ಲುವುದಕ್ಕಿಂತ ತೆವಳುವುದೇ ಹೆಚ್ಚು.

ಸ್ತಂಭನದ ಸಮಯದಲ್ಲಿ ಆರಿಸುವ ಗುಂಡಿಯನ್ನು ಒತ್ತಿ ಹಿಡಿಯುವ ಅಭ್ಯಾಸವು ಬಹು ಕೆಟ್ಟದ್ದು. ಅರ್ಧ ಬರೆದ ಕಡತವು ಕೆಡುವುದಲ್ಲದೆ, ದಿನಚರಿಯ ಕಡೆಯ ಸಾಲುಗಳು ಡಿಸ್ಕಿಗೆ ಇಳಿಯದೆ ಹೋಗುವವು. ನಮಗೆ ಬೇಕಾದವು ಆ ಸಾಲುಗಳೇ. ಐದು ನಿಮಿಷ ಗಡಿಯಾರ ನೋಡಿ ಕಾಯಿರಿ. ಆ ಮೇಲೂ ಏಳದಿದ್ದರೆ, ಆಲ್ಟ್ ಮತ್ತು ಪ್ರಿಂಟ್ ಸ್ಕ್ರೀನ್ ಕೀಲಿಗಳನ್ನು ಹಿಡಿದುಕೊಂಡು ಎಸ್, ಯು, ಬಿ ಎಂಬ ಕೀಲಿಗಳನ್ನು ಒಂದಾದ ಮೇಲೊಂದರಂತೆ ಕೆಲವು ಸೆಕೆಂಡು ಬಿಟ್ಟು ಬಿಟ್ಟು ಒತ್ತಿರಿ. ಎಸ್ ಎಂಬುದು ಬರೆಯಬೇಕಾದದ್ದನ್ನು ಬರೆಯಿಸುವುದು, ಯು ಡಿಸ್ಕಿಗೆ ಇನ್ನು ಬರೆಯದಂತೆ ಬೀಗ ಹಾಕುವುದು, ಬಿ ಯಂತ್ರವನ್ನು ಪುನಃ ಹಚ್ಚುವುದು. ಕೆಲವು ವಿತರಣೆಗಳಲ್ಲಿ ಈ ಕೀಲಿಗಳಿಗೆ ಅನುಮತಿಯನ್ನು ಮೊದಲೇ ಕೊಟ್ಟಿರಬೇಕಾಗುತ್ತದೆ.

ಕೇಬಲನ್ನು ಹಾಕಿದ ಮರುದಿನ ಆ ಹುಡುಗಿಯನ್ನು ಕಚೇರಿಗೆ ಕರೆಯಿಸಿ, ಗುಮಾಸ್ತರ ಎದುರಿನಲ್ಲೇ, ನಾನು ಹೇಳಿದ್ದು ತಪ್ಪೆಂದೂ ಯಂತ್ರವು ಕೆಟ್ಟದ್ದು ನನ್ನ ಅವಸರದಿಂದೆಂದೂ ತಿಳಿಸಿದೆನು. ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದು, "ಆ ಹಳೆಯ ಕೇಬಲನ್ನು ನೋಡಬಹುದೇ ಟೀಚರ್?" ಎಂದು ಕೇಳಿದಳು. ಮಡಿಕೆ ಬಿದ್ದ ಜಾಗವನ್ನು ಬೆರಳಿನಿಂದ ಮುಟ್ಟಿ ನೋಡಿದಳು. ವಿಳಾಸಗಳ ಕೆಲಸವನ್ನು ಎಫ್ ಅಕ್ಷರದಲ್ಲಿ ಬಿಟ್ಟಿದ್ದಳು. ಅಲ್ಲಿಂದ ಮುಂದುವರಿಸಿ ಮುಗಿಸಿದ್ದಾಳೆ. ಹಾಜರಿ ಪುಸ್ತಕವೂ ಈಗ ಅವಳ ವಶದಲ್ಲಿದೆ. ಪ್ರತಿ ಸೋಮವಾರ ೧೯೯ನೆಯ ಸಾಲಿನ ಸಂಖ್ಯೆಯನ್ನು ಅದರಲ್ಲಿ ಬರೆಯುತ್ತಾಳೆ. ಈ ಲೇಖನವನ್ನು ಅಚ್ಚಿಗೆ ಕೊಡುವ ವಾರವೂ ಅದು ೨೧೯ ಎಂದೇ ಇದೆ.